ಪೆಟ್ಟಿಗೆಯ ಮೇಲೆ ಟಿಮನಿಯ ಹೆಸರು

ಪ್ರೀತಿಯ ನೋರೀನ್ ಅತ್ತೆಗೆ,

ಕಾಲೇಜಿನವರು ಇವತ್ತು ನಮ್ಮನ್ನು ಸ್ಟ್ರಾಸ್‌ಬರ್ಗಿನ ಯುರೋಪ್ ಸಂಸತ್ತಿಗೆ ಕರೆತಂದರು. ಕಾರಿಡಾರಿನುದ್ದಕ್ಕೂ ಸದಸ್ಯರ ಕಾಗದಪತ್ರಗಳ ಪೆಟ್ಟಿಗೆಗಳಿದ್ದವು. ಒಂದರ ಮೇಲೆ ಅರ್ಧ ಕಿತ್ತ ನಿಮ್ಮ ಹೆಸರು, ಅದರ ಮೇಲೆ ನಿಮ್ಮ ಪಕ್ಷದ ಹೊಸಬ ಟಿಮನಿಯದು. ಪೆಟ್ಟಿಗೆ ತಳ್ಳುವ ಮುದುಕ ನಾನು ನಿಂತದ್ದನ್ನು ನೋಡಿ ಕೇಳಿದ: "ಆ ಮೇಡಂ ಎಲ್ಲಮ್ಮಾ? ಇದರ ಮೇಲೇ ಕೂತು ಬ್ರೆಡ್ ತಿನ್ನೋರು, ನಂಗೂ ಒಂದು ತುಂಡು ಕೊಡೋರು. ಗುರುವಾರ ಸಭೆ ಮುಗೀತೂಂದ್ರೆ ಊರಲ್ಲಿ ಯಾರೋ ಸತ್ರು, ಮಣ್ಣಿಗೆ ಹೋಗ್ಬೇಕು ಅಂತ ಓಡೋರು!"

ಊರಿನ ಕೌಂಟಿ ಪರಿಷತ್ತಿನಲ್ಲಿ ಹದಿನೆಂಟು, ಇಲ್ಲಿ ಹತ್ತು ವರ್ಷ ದುಡಿದ ನೀವು ನೂರ ಹನ್ನೊಂದು ಮತಕ್ಕೆ ಸೋತಿರೆಂದು ಹೇಳದೆ, ಊರಲ್ಲೇ ಇದ್ದಾರೆ ಎಂದೆ.

ಮತದಾನದ ದಿನ ಮಿಕ್ ಚಿಕ್ಕಪ್ಪ, "ನಿನ್ನತ್ತೆ ಗೆದ್ದಾಯ್ತು ಬಿಡೇ. ಚೀಟಿಯಲ್ಲಿ ಮೊದಲ ಆಯ್ಕೆ ಅಂತ ಟಿಮನಿಗೆ ಒಂದು ಬರಿ, ಎರಡನೇ ಆಯ್ಕೆ ಅಂತ ಅವಳಿಗೆ ಎರಡು ಸಾಕು" ಎಂದರು. ಅರ್ಧ ಇಂಗ್ಲಿಷಿನವಳು, ಹಾಸ್ಟೆಲಿನಲ್ಲಿ ಓದಿದವಳು, ಮೊದಲ ಸಲದ ಮತ, ಅಲ್ಲಿನ ಎಣಿಕೆ ತಿಳಿಯದೆ ಹಾಗೇ ಬರೆದೆ. ಮೊದಲ ಆಯ್ಕೆಯವರು ಹೊರಬಿದ್ದರಷ್ಟೇ ಎರಡನೆಯದು ಲೆಕ್ಕಕ್ಕೆ ಎಂದು ಆಮೇಲೆ ತಿಳಿಯಿತು. ಟಿಮನಿ ಕೊನೆಯವರೆಗೂ ಉಳಿದದ್ದರಿಂದ ನಮ್ಮ 'ಎರಡು'ಗಳನ್ನು ಯಾರೂ ಎಣಿಸಲೇ ಇಲ್ಲ. ಹಾಸ್ಟೆಲಿಗೆ ಪ್ರತಿ ರಜೆಗೂ ನನ್ನನ್ನು ಕರೆದೊಯ್ಯಲು ಬರುತ್ತಿದ್ದವರು ನೀವೊಬ್ಬರೇ, ಅತ್ತೆ.

ನನ್ನ ಕೆಮ್ಮು ವಾಸಿಯಾಗಿದೆ. ಬಸ್ಸು ಹಾರ್ನ್ ಹಾಕುತ್ತಿದೆ. ಮತ ಕೇಳಲು ಯಾರ ಮನೆಯ ಬಾಗಿಲು ತಟ್ಟದೆ ಬಿಟ್ಟೆನೋ ಎಂದು ಇನ್ನೂ ಕೊರಗುತ್ತೀರಂತೆ.

ನಮ್ಮದೇ.

ನಿಮ್ಮ ಓರ್ಲಾ