ನಮ್ಮ ಕಣ, ನಿನ್ನ ಕಣ

ಕುರುಗೋಡು
10-11-2009

ಮುದ್ದು ರಾಧಾ,

ಅಜ್ಜಿಯ ಆಶೀರ್ವಾದ. ಪುಣೆಯ ಚಳಿಗೆ ನಿನ್ನ ಕೆಮ್ಮು ಮತ್ತೆ ಬಂದಿಲ್ಲ ತಾನೇ? ಹಾಸ್ಟೆಲಿನ ಊಟ ಸೇರದಿದ್ದರೆ ಹೇಳು, ಕಡಕ್ ರೊಟ್ಟಿ ಕಳಿಸುತ್ತೇನೆ. ಗೆಳತಿಯರಿಗೆಲ್ಲ ಹಂಚಿ ಬರಿ ಡಬ್ಬಿ ಇಟ್ಟುಕೊಳ್ಳಬೇಡ. ನಾನು ಗಟ್ಟಿಯಾಗಿದ್ದೇನೆ.

ನಿನ್ನ ಪತ್ರ ಓದಿ ಹಿಗ್ಗಿಹೋದೆ. ಧೂಳಿಗಿಂತಲೂ ಸಣ್ಣ ಚಿನ್ನದ ಕಣ ಜೀವಕೋಶದೊಳಗೆ ಹೋಗಿ, ಕೆಂಪಗೆ ಬೆಳಗಿ, ರೋಗ ಎಲ್ಲಿ ಅಡಗಿದೆ ಎಂದು ತೋರಿಸುತ್ತದೆಯಂತಲ್ಲ! ಮೊದಲಿನ ಕೆಲವು ಹೊಳೆಯುವ ಪುಡಿಗಳ ವಿಷಕ್ಕೆ ಕೋಶಗಳೇ ಸಾಯುತ್ತಿದ್ದವು, ಚಿನ್ನದಲ್ಲಿ ಆ ಭಯ ಕಡಿಮೆ ಎಂದು ಬರೆದದ್ದು ಚೆನ್ನಾಗಿ ತಿಳಿಯಿತು. ಮಲಗಿದ ಕೂಸನ್ನು ನೋಡಲು ದೀಪ ಹಿಡಿದವರು ಕೂಸಿಗೆ ಬಿಸಿ ತಾಗದಂತೆ ಹಿಡಿಯಬೇಕಲ್ಲವೇ? ನಿನ್ನದೂ ಅದೇ ಕೆಲಸ.

ಈಗ ಇಲ್ಲಿಯ ಸುದ್ದಿ ಕೇಳು. ನಾವು ಭತ್ತ ಒಕ್ಕುವ ಕಣವನ್ನು ಗಣಿಯ ಅದಿರು ಸುರಿಯಲು ಬಾಡಿಗೆಗೆ ಕೊಡುತ್ತೇನೆಂದು ನಿನ್ನ ಅಪ್ಪ ಹಟ ಹಿಡಿದಿದ್ದ. ಬೇಡವೆಂದರೆ, "ಎಲ್ಲಾರೂ ಕೊಟ್ಟಾರ, ನಾವೇನು ಮ್ಯಾಲಿಂದ ಇಳದು ಬಂದೀವೇನು?" ಎನ್ನುತ್ತಿದ್ದ. ಆ ಕೆಂಪು ಪುಡಿ ಒಮ್ಮೆ ಬಿದ್ದ ನೆಲದಲ್ಲಿ ಮತ್ತೆ ಕಾಳು ಸುರಿಯಲಾದೀತೇ? ನನಗೆ ಊಟವೇ ಸೇರುತ್ತಿರಲಿಲ್ಲ. ಮೊನ್ನೆ ಮಾತು ಮುಗಿಸಲೆಂದು ಕಂಟ್ರಾಕ್ಟರ್ ಚಿದಾನಂದಪ್ಪ ಬಳ್ಳಾರಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ಒಳಗೆ ನಾನು ನಿನ್ನ ಪತ್ರವನ್ನು ನಿನ್ನ ಅವ್ವನಿಗೆ ಗಟ್ಟಿಯಾಗಿ ಓದುತ್ತಿದ್ದೆ: "ಕೊನೆಗೂ ಬೆಳಗುವ ಚಿನ್ನದ ಕಣ ಸಿಕ್ಕಿತು!" ಅಪ್ಪ ಓಡಿ ಬಂದ. "ಏನಬೇ, ಕಣದಾಗ ಚಿನ್ನ ಸಿಕ್ಕೈತಾ? ಹೋದ ಸಲ ಮಣ್ಣು ಒಯ್ದಿದ್ಲಲ್ಲ, ಪರೀಕ್ಷಾ ಮಾಡಿಸ್ಯಾಳ!" ನೀನು ತುಳಸಿ ಕುಂಡಕ್ಕೆ ಒಯ್ದ ಮಣ್ಣು! ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಹೋಗಿ, "ಕಣ ಕೊಡೂದಿಲ್ಲ, ಹೋಗ್ರಿ" ಎಂದುಬಿಟ್ಟ. ಚಿದಾನಂದಪ್ಪ, "ನಿನ್ನೆ ಹ್ಞೂಂ ಅಂದಿ, ಇವತ್ತು ಯಾವ ಗಾಳಿ ಬಡೀತಲೇ ವಿರೂಪಾಕ್ಷಿ?" ಎನ್ನುತ್ತಾ ಜೀಪು ಹತ್ತಿದ. ನಿನ್ನ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆ ಸೇರಿದಳು. ಅಪ್ಪ ಈಗ ಕಣಕ್ಕೆ ಬೇಲಿ ಹಾಕಿ, ನಾಯಿಯನ್ನೂ ಕಟ್ಟಿದ್ದಾನೆ!

ನಿನ್ನ ಕೆಲಸ ಕೈಗೂಡಲಿ, ಮಗಳೇ. ನಿದ್ದೆಗೆಟ್ಟು ಕಣ್ಣು ಕೆಡಿಸಿಕೊಳ್ಳಬೇಡ. ನಿನಗೆ ಕಲಿಸುವ ಮೇಡಂಗೆ ನನ್ನ ಶರಣು ತಿಳಿಸು.

ನಿನ್ನ ಅಜ್ಜಿ,
ಚನ್ನಬಸಮ್ಮ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಭಾನುವಾರ ಅಪ್ಪ ನಿನಗೆ ಫೋನ್ ಮಾಡುತ್ತಾನೆ. ನಿಜವನ್ನು ನಾನೇ ಹೇಳುತ್ತೇನೆ, ಭತ್ತ ಒಕ್ಕಿ ಮುಗಿಯಲಿ. ಅಷ್ಟರಲ್ಲಿ ಚಿದಾನಂದಪ್ಪ ಬೇರೆ ಜಾಗ ಹಿಡಿದಿರುತ್ತಾನೆ. ಅಲ್ಲಿಯವರೆಗೆ ಅಪ್ಪ ಏನು ಕೇಳಿದರೂ, "ಇನ್ನೂ ಪರೀಕ್ಷಾ ನಡದೈತಪಾ" ಎಂದಷ್ಟೇ ಹೇಳು. ಅದೇನು ಸುಳ್ಳಲ್ಲವಲ್ಲ!