‘ಇನ್ನೇನು ಬಂತು’ ಎಂದು ನನ್ನ ತಂಗಿಯ ಸೊಪ್ಪು ಕೊಳೆಸಿದವರಿಗೆ

ಮಾನ್ಯ ವಿದ್ಯುತ್ ಕಚೇರಿಯ ಅಧಿಕಾರಿಗಳೇ,

ತಾವು ಕ್ಷೇಮವೇ? ಮನೆಯವರು, ಮಕ್ಕಳು ಕ್ಷೇಮವೇ? ಫೋನ್ ಎತ್ತುವ ನಿಮ್ಮ ಗುಮಾಸ್ತರ ಗಂಟಲು ಕ್ಷೇಮವೇ? ನಿಮ್ಮ ತಲೆಯ ಮೇಲಿನ ಫ್ಯಾನು ಕ್ಷೇಮವಾಗಿರುವುದನ್ನು ನಾನೇ ಕಣ್ಣಾರೆ ಕಂಡು ಬಂದಿದ್ದೇನೆ. ಕ್ಷೇಮವಾಗಿಲ್ಲದ್ದು ನನ್ನ ತಂಗಿಯ ಬ್ಯಾರನ್ನಿನೊಳಗಿನ ಹೊಗೆಸೊಪ್ಪು. ಬಿರುಗಾಳಿಗೆ ಕರೆಂಟ್ ಹೋದದ್ದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ. ಗಾಳಿ ನಿಮ್ಮ ಕೈಕೆಳಗಿನ ನೌಕರನಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಬರುತ್ತದೆ ಎಂದಿರಲ್ಲ, ಅದಕ್ಕೆ ಈ ಪತ್ರ.

ಕೊಯ್ದ ಸೊಪ್ಪನ್ನು ಪೋಣಿಸಿ, ಬ್ಯಾರನ್ ಎಂಬ ಹದಮಾಡುವ ಕೋಣೆಯಲ್ಲಿ ಒತ್ತಾಗಿ ತುಂಬಿ, ಒಲೆಯ ಬಿಸಿಗಾಳಿಯನ್ನು ಫ್ಯಾನಿನಿಂದ ಅದರೊಳಗೆ ಹಾಯಿಸುತ್ತೇವೆ. ಫ್ಯಾನು ನಿಂತರೆ ಹಸಿ ಎಲೆ ತನ್ನ ಬೆವರಿನಲ್ಲಿ ತಾನೇ ಬೇಯುತ್ತದೆ. ಕರೆಂಟ್ ಬೇಗ ಬರುವುದಾದರೆ ಬಾಗಿಲು ಮುಚ್ಚಿಟ್ಟು ಕಾವು ಉಳಿಸಿಕೊಳ್ಳಬೇಕು. ತಡವಾಗುವುದಾದರೆ ಒಲೆ ಆರಿಸಿ, ಬಾಗಿಲು ತೆರೆದು, ಹೇಗಾದರೂ ಒಂದು ಜನರೇಟರ್ ತರಬೇಕು. ಮುಚ್ಚಬೇಕೋ, ತೆರೆಯಬೇಕೋ? ಅದನ್ನು ನಿಮ್ಮನ್ನಲ್ಲದೆ ಮೋಡವನ್ನು ಕೇಳಬೇಕಿತ್ತೇ?

ತಂಗಿ ಫೋನ್ ಮಾಡಿ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

“ಲೈನ್ ಚಾರ್ಜ್ ಆಗ್ತಾ ಇದೆ ಅಮ್ಮಾ, ಇನ್ನೇನು ಬಂತು” ಎಂದರು ನಿಮ್ಮ ಗುಮಾಸ್ತರು.

“ನಿಜ ಹೇಳಪ್ಪ, ಒಳಗೆ ಸೊಪ್ಪಿದೆ.”

“ಸುಳ್ಳು ಹೇಳಿ ನಂಗೇನಾಗ್ಬೇಕು?”

ಅಷ್ಟರಲ್ಲಿ ಪಕ್ಕದ ಹೊಲದ ಟ್ರ್ಯಾಕ್ಟರಿನವನು ಜನರೇಟರನ್ನು ಎಳೆದುಕೊಂಡು ಬ್ಯಾರನ್ನಿನ ಬಾಗಿಲಿಗೇ ಬಂದ. “ಅಕ್ಕಾ, ಜೋಡಿಸಿಬಿಡ್ಲಾ? ಆಚೆ ಓಣಿಯೋರು ಕರೀತಾ ಇದಾರೆ.”

“ಬೇಡ್ವೋ, ಇನ್ನೇನು ಬರುತ್ತಂತೆ. ಪಾಪ, ಅವ್ರಿಗೇ ಹಾಕು ಹೋಗು” ಎಂದಳು ನನ್ನ ತಂಗಿ. ಬಾಗಿಲಿಗೆ ಬಂದ ಜನರೇಟರನ್ನು ತಾನೇ ಕಳಿಸಿದಳು, ಸ್ವಾಮಿ. ಮತ್ತೆ ಫೋನ್ ಮಾಡಿದಾಗಲೂ ಅದೇ ಉತ್ತರ, ಅದೇ ಧಾಟಿ. ಮರುದಿನವೂ ಕರೆಂಟ್ ಬರಲಿಲ್ಲ. ಕೊನೆಗೆ ಬಾಗಿಲು ತೆಗೆದಾಗ ಬಂದ ವಾಸನೆಯನ್ನು ನಾನು ಬರೆಯಲಾರೆ. ಅದಕ್ಕೇ ಒಂದು ಕಂತೆಯನ್ನು ತಂದು ನಿಮ್ಮ ಮೇಜಿನ ಮೇಲೆ ಇಟ್ಟೆ. ತಾವು ಕರವಸ್ತ್ರ ಹುಡುಕಿದಿರಿ.

ಕಂಬಗಳು ಸಾಲಾಗಿ ಬಿದ್ದದ್ದು ಮೊದಲೇ ಗೊತ್ತಿತ್ತು ಎಂದು ತಾವೇ ಒಪ್ಪಿದಿರಿ. ಹಾಗಾದರೆ ಹೇಳಲಿಲ್ಲವೇಕೆ ಎಂದರೆ, “ಬರಲ್ಲ ಅಂದ್ರೆ ಜನ ಫೋನ್ ಮೇಲೆ ಫೋನ್ ಮಾಡಿ ತಲೆ ತಿಂತಾರೆ ಯಜಮಾನ್ರೇ. ಧೈರ್ಯ ಹೇಳೋದೂ ನಮ್ಮ ಕೆಲ್ಸ ಅಲ್ವಾ?” ಎಂದು ನಕ್ಕಿರಿ. ಎಂಥ ಕರುಣೆ! ಹೆಣದ ಮುಂದೆ ಕೂತವರಿಗೂ ‘ಇನ್ನೇನು ಏಳ್ತಾರೆ’ ಎಂದು ಧೈರ್ಯ ಹೇಳುತ್ತೀರಾ?

ಗಂಡ ಹೋದ ಮೇಲೆ ತಂಗಿ ಮೈದುನನೊಡನೆ ಜಗಳವಾಡಿ ಆ ಬ್ಯಾರನ್ನನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಇದು ಅವಳೊಬ್ಬಳೇ ಹದಮಾಡಹೊರಟ ಮೊದಲ ಸೊಪ್ಪು. ಮೈದುನ ಬಂದು ನೋಡಿ, “ಅಣ್ಣ ಇದ್ದಿದ್ರೆ ಹೀಗಾಗ್ತಿತ್ತಾ ಅತ್ತಿಗೆ? ಕೀಲಿ ಕೊಡಿ” ಎಂದ. ಇವಳು ನಿಮ್ಮ ಮಾತನ್ನು ಹೇಳಿದಳು. ಅವನು ಅಲ್ಲಿಂದಲೇ ನಿಮ್ಮ ಕಚೇರಿಗೆ ಫೋನ್ ಮಾಡಿದ. “ನಾವು ಹಾಗೆಲ್ಲ ಹೇಳೋದೇ ಇಲ್ಲ” ಎಂದರಂತೆ. ನಾನೇ ಕೇಳಿಸಿಕೊಂಡೆ ಎಂದರೆ, ಅಣ್ಣನಾದವನು ತಂಗಿಯ ಪರ ಹೇಳದಿರುತ್ತಾನೆಯೇ ಎಂದ. ಸೊಪ್ಪು ಕೊಳೆಸಿದ್ದು ಸಾಲದೆಂದು ಅವಳನ್ನು ಸುಳ್ಳಿ ಎನ್ನಿಸಿದಿರಿ. ಕೀಲಿ ಈಗ ಅವನ ಜೇಬಿನಲ್ಲಿದೆ. ಅವಳು ಅವನ ಕೈಕೆಳಗೆ ಎಲೆ ಪೋಣಿಸುತ್ತಿದ್ದಾಳೆ.

ಪರಿಹಾರ ಬೇಡ. ನಿಮ್ಮ ಮರುಕವಂತೂ ಬೇಡವೇ ಬೇಡ. ಕಂಬ ಬಿದ್ದದ್ದು ಗೊತ್ತಿದ್ದೂ ಆಕೆಗೆ ‘ಬರುತ್ತದೆ’ ಎಂದೆವು ಎಂದು ಅವಳ ಮೈದುನನಿಗೆ ಒಂದು ಸಾಲು ಬರೆದು, ಸಹಿ ಹಾಕಿ ಕಳಿಸಿ. ಮುಂದಿನ ಬಿರುಗಾಳಿಗೆ ‘ಬರುವುದಿಲ್ಲ’ ಎಂದು ಹೇಳುವುದನ್ನೂ ಈಗಿನಿಂದಲೇ ಅಭ್ಯಾಸ ಮಾಡಿ, ನಾಲಿಗೆ ಸವೆಯುವುದಿಲ್ಲ. ಹೊಲದಲ್ಲಿ ಗಿಡದ ಮೇಲಿನ ಎಲೆಗಳು ಹಣ್ಣಾಗುತ್ತಿವೆ. ಅವು ಬ್ಯಾರನ್ನಿಗೆ ಬರುವಾಗ ಕೀಲಿ ಅವಳ ಕೈಯಲ್ಲಿರಬೇಕು, ಅದಕ್ಕೆ ಮೊದಲೇ ಉತ್ತರಿಸಿ. ಬರೆಯುವುದಕ್ಕೆ ಕರೆಂಟ್ ಬೇಕಿಲ್ಲ.

ಇಂತಿ,
ನಿಮ್ಮನ್ನು ನಂಬಿ ಕೆಟ್ಟವಳ ಅಣ್ಣ