ದೊರೆಸಾನಿಯ ಆಪರೇಷನ್ ಮುಂದಕ್ಕೆ ಹೋದ ಕಾರಣ

ಸೋಮವಾರ, ಮಧ್ಯಾಹ್ನ
ಅಂಗಡಿಯಿಂದ

ಇವಳೇ,

ಕಾಗದದ ತಲೆಗೆ ಏನು ಬರೆಯಬೇಕೆಂದು ತಿಳಿಯದೆ ಮೂರು ಹಾಳೆ ಹಾಳು ಮಾಡಿದೆ. ‘ಪ್ರೀತಿಯ’ ಎಂದು ಬರೆದರೆ, ಇಪ್ಪತ್ತಾರು ವರ್ಷದಲ್ಲಿ ಇಲ್ಲದ್ದು ಇವತ್ತೇನು ಬಂತು ಎಂದು ನೀನು ನಗುತ್ತೀಯೆ. ಹೆಸರು ಬರೆದರೆ ಏನೋ ಅನಾಹುತವಾಗಿದೆ ಎಂದು ಹೆದರುತ್ತೀಯೆ. ಅದಕ್ಕೇ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದ ಹಾಗೆಯೇ ಕೂಗಿದ್ದೇನೆ. ಅನಾಹುತ ಏನೂ ಆಗಿಲ್ಲ. ದೊರೆಸಾನಿ ಚೆನ್ನಾಗಿದ್ದಾಳೆ. ಗಿರಾಕಿಗಳು ಕಾಯುವ ಬೆಂಚಿನ ಕೆಳಗೆ ಮಲಗಿ, ಕತ್ತರಿಸಿದ ಕೂದಲು ಮೂಗಿಗೆ ಹೋಗಿ ಸೀನುತ್ತಿದ್ದಾಳೆ. ಯಾವ ನಾಯಿಯೂ ನನ್ನಷ್ಟು ಸಲ ಎದ್ದು ಕೂತಿರಲಾರದು ಇವತ್ತು. ಒಂದು ಸಾಲು ಬರೆಯುತ್ತೇನೆ, ಬಾಗಿಲಿಗೆ ಹೋಗಿ ಬರುತ್ತೇನೆ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಹದಿನಾಲ್ಕು ತಿಂಗಳಿಂದ ಅಕ್ಕನ ಮನೆಯಲ್ಲಿರುವವಳು ಬರೆದದ್ದು ಮೂರೇ ಸಾಲು, ಮೂರೂ ನಾಯಿಯ ಬಗ್ಗೆಯೇ. ದೊರೆಸಾನಿಯ ಆಪರೇಷನ್ ಆಯಿತೇ? ಅಗ್ಗದ ಕಡೆ ಮಾತ್ರ ಬೇಡ. ನನಗೆ ಆದದ್ದು ಅದಕ್ಕೆ ಆಗಬಾರದು. ಅಷ್ಟೇ. ಮೂರನೆಯ ಸಾಲನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಕಾಗದ ಹರಿಯಲು ಬಂದಿದೆ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನಾನು ಊಟ ಆಯಿತಾ, ಬಿಸಿಲು ಹೇಗಿದೆ ಎಂಬ ಎರಡು ಮಾತು ದಾಟುವುದಿಲ್ಲ. ಅಷ್ಟರಲ್ಲಿ ನಿನಗೆ ಏದುಸಿರು ಬರುತ್ತದೆ, ಅದನ್ನು ಕೇಳುತ್ತ ನನಗೆ ಬಾಯಿ ಕಟ್ಟುತ್ತದೆ.

ಆಪರೇಷನ್ ಆಗಿಲ್ಲ. ಮೂರು ವಾರದ ಹಿಂದೆ ಆಗಬೇಕಿತ್ತು, ಬರುವ ಗುರುವಾರಕ್ಕೆ ಹೋಗಿದೆ. ಇನ್ನೊಂದು ಮಾತು, ಬೈಯಬೇಡ. ನಿನ್ನ ಕಾಗದ ಬರುವ ಹೊತ್ತಿಗೆ ನಾನು ಅಗ್ಗದ ಕಡೆಯೇ ಹೋಗಿ ಬಂದಾಗಿತ್ತು. ಮತ್ತೆ ಅಲ್ಲಿಗೇ ಹೋಗುವವನಿದ್ದೇನೆ. ಯಾಕೆ ಎಂದು ಹೇಳುತ್ತೇನೆ. ನಾನು ಕಥೆ ಹೇಳಿದರೆ ಊರೆಲ್ಲ ಸುತ್ತಿ ಬರುತ್ತೇನೆ ಎಂದು ನಿನ್ನ ದೂರು ಇದ್ದದ್ದೇ. ಇವತ್ತೂ ಸುತ್ತುತ್ತೇನೆ, ಕೊನೆಗೆ ಮನೆ ಸೇರುತ್ತೇನೆ.

ನಾಲ್ಕು ತಿಂಗಳ ಹಿಂದೆ ದೊರೆಸಾನಿ ಬೆದೆಗೆ ಬಂದಳು. ಮೂರು ಬೀದಿಯ ಗಂಡುನಾಯಿಗಳು ಅಂಗಡಿಯ ಮುಂದೆ ಸಾಲಾಗಿ ಕುಳಿತವು. ನನ್ನ ಗಿರಾಕಿಗಳಿಗಿಂತ ಅವುಗಳಿಗೇ ಸರದಿಯ ಶಿಸ್ತು ಹೆಚ್ಚು. ಪಕ್ಕದ ಬೇಕರಿಯವನು, ಇವರಿಗೆಲ್ಲ ಕಟಿಂಗಾ, ಬರೀ ಶೇವಿಂಗಾ ಎಂದು ಕೇಳಿ ಬೀದಿಯನ್ನೆಲ್ಲ ನಗಿಸಿದ. ನನಗೆ ನಗು ಬರಲಿಲ್ಲ. ಏಳು ವರ್ಷದ ಹೆಣ್ಣುನಾಯಿ. ಈ ವಯಸ್ಸಿಗೆ ಮರಿ ಹಾಕುವುದೂ ಕಷ್ಟ, ಹಾಗೇ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಬರುವುದುಂಟು ಎಂದು ಗಡ್ಡಕ್ಕೆ ಬರುವ ಕಾಂಪೌಂಡರು ಹೇಳಿದ್ದ. ಮಾಡಿಸದಿದ್ದರೆ ಆ ಭಯ, ಮಾಡಿಸಿದರೆ ಈ ಭಯ. ಅತ್ತ ದರಿ, ಇತ್ತ ಪುಲಿ. ಬೆದೆ ಇಳಿದು ಎರಡು ತಿಂಗಳಾದರೂ ಆಗಲಿ, ಈಗ ಕೊಯ್ದರೆ ರಕ್ತ ಹೆಚ್ಚು ಹೋಗುತ್ತದೆ ಎಂದೂ ಅವನೇ ಹೇಳಿದ. ಆ ಎರಡು ತಿಂಗಳು ನಾನು ಜಾಗ ಹುಡುಕಿದೆ.

ಮೊದಲು ಹೋದದ್ದು ಮುಖ್ಯರಸ್ತೆಯ ಗಾಜಿನ ಆಸ್ಪತ್ರೆಗೆ. ಒಳಗೆ ಕಾಲಿಟ್ಟರೆ ನನ್ನ ಮುಖವೇ ನಾಲ್ಕು ಕಡೆ ಕಾಣಿಸಿತು. ಕನ್ನಡಿಯ ವಿಷಯದಲ್ಲಿ ನನ್ನನ್ನೂ ಮೀರಿಸಿದ್ದಾರೆ. ಕೌಂಟರಿನ ಹುಡುಗಿ ರಕ್ತಪರೀಕ್ಷೆ, ಎದೆಬಡಿತದ ಯಂತ್ರ, ಗ್ಯಾಸಿನಲ್ಲಿ ಕೊಡುವ ಮತ್ತಿನ ಮದ್ದು, ಒಂದು ದಿನದ ವಾಸ ಎಂದು ಪಾಠ ಒಪ್ಪಿಸಿದ ಹಾಗೆ ಹೇಳಿದಳು. ನಾನು ದುಡ್ಡನ್ನು ತಲೆಯಲ್ಲಿ ಎಣಿಸುವವನು. ನೂರ ತೊಂಬತ್ತು ತಲೆ ಕತ್ತರಿಸಿದರೆ ಅಷ್ಟಾಗುತ್ತದೆ, ಅದೂ ಯಾರೂ ಸಾಲ ಹೇಳದಿದ್ದರೆ. ಆಪರೇಷನ್ ಯಾರು ಮಾಡುತ್ತಾರಮ್ಮ ಎಂದು ಕೇಳಿದೆ. ಆ ದಿನ ಯಾರ ಪಾಳಿಯೋ ಅವರು ಎಂದಳು. ನನ್ನ ಕತ್ತು ಯಾರ ಕೈಯಲ್ಲಿರುತ್ತದೆ ಎಂದು ಗೊತ್ತಿಲ್ಲದೆ ನಾನು ಗಡ್ಡಕ್ಕೂ ಕೂರುವವನಲ್ಲ.

ಎರಡನೆಯದು ಹಳೇ ಗೋದಾಮಿನ ಹಿಂದಿನ ಚಿಕ್ಕ ಚಿಕಿತ್ಸಾಲಯ. ಗುರುವಾರ ಮಾತ್ರ ಈ ಆಪರೇಷನ್ನು. ಮೂವತ್ತು ತಲೆಯಷ್ಟೇ ಖರ್ಚು. ತಗಡಿನ ಚಾವಣಿ, ಬಣ್ಣ ಕಿತ್ತ ಬಾಗಿಲು. ಬಾಗಿಲು ನೋಡಿದ ಕೂಡಲೇ ನಿನ್ನ ಅಕ್ಕನ ಧ್ವನಿ ಕಿವಿಯಲ್ಲಿ ಕೇಳಿಸಿತು. ನಿನ್ನ ಪಿತ್ತಕೋಶದ ಕಲ್ಲಿನ ಆಪರೇಷನ್ ಆದದ್ದೂ ಇಂಥ ಬಾಗಿಲಿನ ಒಳಗೇ ತಾನೆ. ಆಮೇಲೆ ಶ್ವಾಸಕೋಶಕ್ಕೆ ಸೋಂಕು, ಇಪ್ಪತ್ತೆರಡು ದಿನ ಮೂಗಿಗೆ ನಳಿಕೆ. ತರಗತಿಯಲ್ಲಿ ಕೂಗಿದರೆ ಬೀದಿಗೆ ಕೇಳಿಸುತ್ತಿದ್ದ ಟೀಚರಿನ ಗಂಟಲು ಪಿಸುಮಾತಿಗೆ ಇಳಿಯಿತು. ಅಂಗಡಿಯ ಮೇಲಿನ ನಮ್ಮ ಮನೆಗೆ ಹದಿನೇಳು ಮೆಟ್ಟಿಲು, ನಿನಗೆ ಐದರ ಮೇಲೆ ಹತ್ತಲಾಗಲಿಲ್ಲ. ತಿಂಗಳು ಸುಧಾರಿಸಿಕೊಳ್ಳಲಿ ಎಂದು ಅಕ್ಕ ತನ್ನ ಕೆಳಮನೆಗೆ ಕರೆದುಕೊಂಡು ಹೋದವರು, ಅಗ್ಗದ ಆಸ್ಪತ್ರೆಗೆ ತಂಗಿಯನ್ನು ಒತ್ತೆ ಇಟ್ಟ ಗಂಡ ಎಂದು ಇವತ್ತಿಗೂ ನನ್ನನ್ನು ಅನ್ನುತ್ತಾರೆ. ಅನ್ನಲಿ.

ತಡಿ, ಒಂದು ಗಡ್ಡ ಬಂದಿದೆ.

ಬಂದೆ. ಕೆರೆಸಿಕೊಂಡು ಸಾಲ ಹೇಳಿ ಹೋದ. ಇರಲಿ.

ಬಾಗಿಲು ನೋಡಿ ತಿರುಗಿ ಬರುವವನಿದ್ದೆ. ಆದರೂ ಕ್ಷೌರದವನಲ್ಲವೇ, ಯಾರ ಹತ್ತಿರ ಹೋದರೂ ಮೊದಲು ಹತ್ಯಾರ ನೋಡುವ ಚಾಳಿ. ಒಳಗೆ ಹೋಗಿ ನೋಡಿದೆ. ಒಂದೊಂದು ನಾಯಿಗೆ ಒಂದೊಂದು ಹತ್ಯಾರದ ಪೊಟ್ಟಣ, ಬೇಯಿಸಿ ಕಟ್ಟಿಟ್ಟದ್ದು. ಒಂದರದ್ದು ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ. ಡಾಕ್ಟರಮ್ಮ ಉಗುರನ್ನು ಚರ್ಮದ ತನಕ ಕತ್ತರಿಸಿಕೊಂಡಿದ್ದರು. ನಾಯಿಯ ಉಸಿರು ಎಣಿಸುವುದಕ್ಕೆಂದೇ ಒಬ್ಬಳು ನಿಂತಿರುತ್ತಾಳೆ, ಅವಳಿಗೆ ಬೇರೆ ಕೆಲಸವಿಲ್ಲ. ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಮತ್ತಿನ ಮದ್ದು ಯಾವುದು, ನೋವಿಗೆ ಏನು ಕೊಡುತ್ತೀರಿ, ರಕ್ತ ನಿಲ್ಲದಿದ್ದರೆ ಏನು, ಹೊಲಿಗೆ ಬಿಚ್ಚಿದರೆ ಯಾರನ್ನು ಕೂಗಲಿ. ಕೊನೆಗೆ ಬಾಯಿ ತಡೆಯದೆ, ನಿಮ್ಮ ಕೈಯಲ್ಲಿ ಎಷ್ಟು ನಾಯಿ ಸತ್ತಿವೆ ಎಂದೂ ಕೇಳಿಬಿಟ್ಟೆ. ಡಾಕ್ಟರಮ್ಮ ಕೋಪ ಮಾಡಿಕೊಳ್ಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೂರು ಎಂದರು. ಒಂದೂ ಇಲ್ಲ ಎಂದಿದ್ದರೆ ಎದ್ದು ಬರುತ್ತಿದ್ದೆ. ಒಬ್ಬರ ಕಿವಿಯನ್ನೂ ಗೀರಿಲ್ಲ ಎನ್ನುವ ಕ್ಷೌರದವನನ್ನು ನಂಬಬಾರದು.

ಅವರೇ ಇನ್ನೊಂದು ಹೇಳಿದರು. ಮರಿನಾಯಿಯಾಗಿದ್ದರೆ ಹಾಗೇ ಮಾಡುತ್ತಿದ್ದೆ, ಇದಕ್ಕೆ ಏಳು ವರ್ಷ, ಮೂತ್ರಪಿಂಡ, ಪಿತ್ತಜನಕಾಂಗ ಹೇಗಿವೆಯೋ ನೋಡದೆ ಮತ್ತಿನ ಮದ್ದು ಕೊಡಲಾರೆ. ರಕ್ತಪರೀಕ್ಷೆ ನಮ್ಮಲ್ಲಿಲ್ಲ, ಗಾಜಿನ ಆಸ್ಪತ್ರೆಯಲ್ಲಿ ಅದೊಂದನ್ನು ಮಾಡಿಸಿ ಚೀಟಿ ತನ್ನಿ ಎಂದರು. ಹಾಗೆಯೇ ಮಾಡಿದೆ. ಕನ್ನಡಿಗೆ ಕೊಡುವ ದುಡ್ಡು ಉಳಿಯಿತು, ರಕ್ತಕ್ಕೆ ಕೊಟ್ಟೆ. ಚೀಟಿ ಚೆನ್ನಾಗಿ ಬಂತು. ನಾನು ಎರಡೂ ಕಡೆಯ ಜಾಣತನ ಒಂದೇ ಬುಟ್ಟಿಗೆ ಹಾಕಿದೆ ಎಂದು ನನಗೇ ಬೆನ್ನು ತಟ್ಟಿಕೊಂಡೆ. ಬೆನ್ನು ತಟ್ಟಿಕೊಳ್ಳುವವನ ಕೈ ಅಲ್ಲೇ ಉಳುಕುತ್ತದೆ.

ಆಪರೇಷನ್ನಿನ ದಿನ ದೊರೆಸಾನಿ ಖಾಲಿ ಹೊಟ್ಟೆಯಲ್ಲಿರಬೇಕು. ನಿನಗೆ ಗೊತ್ತಲ್ಲ, ಇವಳು ನಮ್ಮ ನಾಯಿಯಲ್ಲ, ಬೀದಿಯ ಮಗಳು. ಬಂದ ಗಿರಾಕಿಯೆಲ್ಲ ಜೇಬಿಂದ ಏನಾದರೂ ತೆಗೆಯುತ್ತಾನೆ. ಅದಕ್ಕೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಇವತ್ತು ನನಗೆ ಉಪವಾಸ, ಯಾರೂ ಏನೂ ಕೊಡಬೇಡಿ’ ಎಂದು ಬರೆದು ಅವಳ ಕೊರಳಿಗೆ ಕಟ್ಟಿದೆ. ಎಲ್ಲರೂ ಓದಿ ನಕ್ಕು ಕೈ ಹಿಂದೆ ತೆಗೆದರು. ಬೇಕರಿಯವನ ತಾಯಿ ಮಾತ್ರ ಓದಿ ನಗಲಿಲ್ಲ. ಹೆಂಡತಿ ಮನೆ ಬಿಟ್ಟ ಸಿಟ್ಟಿಗೆ ಈ ಪುಣ್ಯಾತ್ಮ ಅವಳ ನಾಯಿಗೆ ಅನ್ನ ನಿಲ್ಲಿಸಿದ್ದಾನೆ, ಸಾಲದ್ದಕ್ಕೆ ಬೋರ್ಡು ಬೇರೆ ಹಾಕಿದ್ದಾನೆ ಎಂದು ಆ ಅಜ್ಜಿ ತಿಳಿದುಕೊಂಡರು. ನಾನು ಆಟೋ ತಂದು ದೊರೆಸಾನಿಯನ್ನು ಎತ್ತಿ ಕೂರಿಸುವಾಗ ಹೊಸಿಲ ಮೇಲೆ ನಿಂತು ನಾಲ್ಕು ಜನರ ಮುಂದೆ ಹೇಳಿದರು.

‘ನೀನು ಹಾಕದಿದ್ರೆ ಕತ್ತೆ ಬಾಲ. ನಾನು ಹಾಕಿದೀನಿ ಕಣಪ್ಪಾ, ಎರಡು ಬನ್ನು, ಬೆಣ್ಣೆ ಹಚ್ಚಿ. ಜಗಳ ಹೆಂಡ್ತಿ ಹತ್ರ ಆಡು, ಮೂಕಪ್ರಾಣಿ ಹತ್ರ ಅಲ್ಲ.’

ಅಲ್ಲಿಯೇ ಇಳಿಸಬೇಕಿತ್ತು. ಇಳಿಸಲಿಲ್ಲ. ಈ ಸರದಿ ತಪ್ಪಿದರೆ ಮತ್ತೆ ಮೂರು ವಾರ, ರಕ್ತದ ಚೀಟಿ ಹಳೆಯದಾಗುತ್ತದೆ, ಅದನ್ನೂ ಮತ್ತೆ ಮಾಡಿಸಬೇಕು. ಎರಡೇ ಬನ್ನು ತಾನೆ, ಆಟೋ ಕುಲುಕಾಟಕ್ಕೇ ಕರಗುತ್ತದೆ ಎಂದುಕೊಂಡೆ. ದಾರಿಯುದ್ದಕ್ಕೂ ಅವಳ ಮೀಸೆಗೆ ಅಂಟಿದ್ದ ಬೆಣ್ಣೆಯನ್ನು ನನ್ನ ಅಂಗಿಯ ತೋಳಿನಿಂದ ಒರೆಸುತ್ತಿದ್ದೆ. ಯಾಕೆ ಒರೆಸಿದೆ ಎಂದು ನೀನು ಕೇಳುತ್ತೀಯೆ. ಯಾರಿಗೂ ಕಾಣಬಾರದೆಂದು.

ನಮ್ಮದು ಏಳನೆಯ ಸರದಿ. ಡಾಕ್ಟರಮ್ಮ ಅವಳ ನಾಲಿಗೆ ನೋಡಿದರು, ಎದೆ ಕೇಳಿದರು, ಸೂಜಿ ಹಾಕುವ ಕಾಲಿನ ಕೂದಲನ್ನು ಬೋಳಿಸಿದರು. ನನಗಿಂತ ಚೆನ್ನಾಗಿಯೇ ಬೋಳಿಸಿದರು. ಆಮೇಲೆ ತಲೆ ಎತ್ತದೆ, ದಿನಕ್ಕೆ ಇಪ್ಪತ್ತು ಸಲ ಕೇಳಿ ಅಭ್ಯಾಸವಾದವರ ಹಾಗೆ ಕೇಳಿದರು.

‘ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?’

ಇಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು ಕಣೇ. ಅರ್ಧ ಅಕ್ಷರ ಹೊರಗೂ ಬಂದಿತ್ತೇನೋ. ದೊರೆಸಾನಿ ನನ್ನ ಕಡೆ ನೋಡುತ್ತಿರಲಿಲ್ಲ, ಮೇಜಿನ ಮೇಲಿನ ಬಟ್ಟೆ ಮೂಸುತ್ತಿದ್ದಳು.

‘ತಿಂದಿದಾಳೆ ಡಾಕ್ಟ್ರೇ. ಎರಡು ಬನ್ನು, ಬೆಣ್ಣೆ ಹಚ್ಚಿ.’

ಸೂಜಿಯನ್ನು ಕೆಳಗಿಟ್ಟರು. ಬೈಯಲಿಲ್ಲ. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಆಮೇಲೆ ಎಷ್ಟು ದೊಡ್ಡ ಆಸ್ಪತ್ರೆಯಾದರೂ ಒದ್ದಾಟವೇ ಎಂದು ಹೇಳಿ, ಮುಂದಿನ ದಿನಾಂಕ ಬರೆದು ಕೊಟ್ಟರು. ‘ನಮ್ಮ ಕೈಲಿ ಇರೋದು ಅರ್ಧ ಅಷ್ಟೇ. ಇನ್ನರ್ಧ ನೀವು ಹೇಳೋದ್ರಲ್ಲಿದೆ’ ಎಂದರು. ಬೇರೆಯವರ ನಾಯಿಯನ್ನು ಮೇಜಿಗೆ ಹತ್ತಿಸಿದರು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಶ್ವಾಸಕೋಶ ಎಂಬ ಮಾತು ಕೇಳಿದ ಮೇಲೆ ಕಾಲು ಏಳಲಿಲ್ಲ. ಯಜಮಾನರಿಗೆ ನೀರು ಕೊಡಿ ಎಂದು ಯಾರೋ ಅಂದರು. ಯಾಕೆ ಹಾಗಾಯಿತು ಎಂಬುದನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ರಕ್ತದ ಚೀಟಿ ಎರಡನೆಯ ಸಲ ಮಾಡಿಸಿದ್ದೇನೆ, ಅದೂ ಸರಿಯಾಗಿದೆ. ಅಜ್ಜಿಗೆ ವಿಷಯ ತಿಳಿದು ಅತ್ತರು. ಗುರುವಾರ ಬೇಕರಿಯ ಬಾಗಿಲನ್ನೇ ತಡವಾಗಿ ತೆಗೆಸುತ್ತಾರಂತೆ. ಜಾಗ ಸರಿಯಾಗಿದೆ, ಕೈ ಸರಿಯಾಗಿದೆ, ಹತ್ಯಾರ ಸರಿಯಾಗಿದೆ. ಇವಳ ಜೀವಕ್ಕೆ ಅಪಾಯ ಎಂದರೆ ಅದು ಆ ಕಿತ್ತುಹೋದ ಬಾಗಿಲಿನಿಂದಲ್ಲ, ಜೊತೆಗೆ ಹೋಗುವವನಿಂದ ಎಂದು ನನಗೆ ಅನ್ನಿಸಿದೆ. ಆದ್ದರಿಂದ ಒಂದು ಕೇಳುತ್ತೇನೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ನೀನು ನೇರವಾಗಿ ಚಿಕಿತ್ಸಾಲಯಕ್ಕೇ ಬರುತ್ತೀಯಾ? ಅಲ್ಲಿ ಮೆಟ್ಟಿಲಿಲ್ಲ, ನೆಲಕ್ಕೆ ಸಮ. ಡಾಕ್ಟರಮ್ಮ ಕೇಳಿದ್ದಕ್ಕೆ ನೀನು ಉತ್ತರ ಹೇಳು. ಧ್ವನಿ ಸಣ್ಣದಾದರೂ ಪರವಾಗಿಲ್ಲ, ಆಯಮ್ಮ ಬಗ್ಗಿ ಕೇಳುತ್ತಾರೆ. ಹೊತ್ತು ತರುವುದು, ಹಿಡಿದುಕೊಳ್ಳುವುದು, ಒರೆಸುವುದು ನನ್ನ ಕೆಲಸ.

ಅಕ್ಕನಿಗೆ ನಮಸ್ಕಾರ ತಿಳಿಸು. ಬೈದರೆ ಅದನ್ನೂ ತಲುಪಿಸು.

ಇಂತಿ,
ನೀನು ‘ನಮ್ಮನೆಯವರು’ ಎನ್ನುತ್ತಿದ್ದವನು

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಆ ಇನ್ನೊಂದು ಕಾಗದವನ್ನು ನಾನು ಎಂದೂ ಬರೆಯುವುದಿಲ್ಲ ಎಂದು ನನಗೇ ಗೊತ್ತು. ನಿನ್ನ ಆಪರೇಷನ್ ಆದ ಆಸ್ಪತ್ರೆಯವರದು ಏನೂ ತಪ್ಪಿಲ್ಲ, ಅಕ್ಕನಿಗೂ ಹೇಳು. ಒಳಗೆ ಹೋಗುವ ಮುಂಚೆ ನೀನು ಕೈಗಡಿಯಾರ ಬಿಚ್ಚಿ ನನಗೆ ಕೊಡುತ್ತ, ಮೂರು ದಿನದಿಂದ ಎದೆಯಲ್ಲಿ ಕಫ ಕಟ್ಟಿದೆ, ಅವರಿಗೆ ಹೇಳಿ ಎಂದಿದ್ದೆ. ಮತ್ತಿನ ಮದ್ದು ಕೊಡುವ ಡಾಕ್ಟರು ತಾವಾಗಿ ಹೊರಗೆ ಬಂದು ಕೆಮ್ಮು, ಕಫ, ಜ್ವರ ಏನಾದರೂ ಇದೆಯೇ ಎಂದು ನನ್ನನ್ನೇ ಕೇಳಿದರು. ಇದೆ ಎಂದರೆ ಮುಂದಿನ ಸರದಿ ಆರು ವಾರಕ್ಕೆ. ಅಷ್ಟು ದಿನ ನಿನ್ನ ನೋವು ನೋಡಲಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಅಂಗಡಿ ಮುಚ್ಚಿ ಬಂದಿದ್ದೆ, ಇನ್ನೊಮ್ಮೆ ಮುಚ್ಚುವ ಮನಸ್ಸಿರಲಿಲ್ಲ. ಇಲ್ಲ ಎಂದೆ. ನಿನಗೆ, ಹೇಳಿದ್ದೇನೆ ಎಂದೆ. ಹದಿನಾಲ್ಕು ತಿಂಗಳು ಅಕ್ಕ ಆ ಆಸ್ಪತ್ರೆಯನ್ನು ಬೈದಾಗಲೆಲ್ಲ ನಾನೂ ಹೌದು ಎಂದು ತಲೆಯಾಡಿಸಿದ್ದೇನೆ. ಇದನ್ನು ಓದಿದ ಮೇಲೆ ನೀನು ಬರದಿದ್ದರೆ ಕೇಳುವ ಮುಖ ನನಗಿಲ್ಲ. ದೊರೆಸಾನಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಡಾಕ್ಟರಮ್ಮ ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.